ಬೀಗ ಬಿದ್ದ ಶುದ್ಧ ನೀರಿನ ಘಟಕ: ಹೊಸ ಟೆಂಡರ್‌ನಲ್ಲಿ ಏನು ಬರೆಸಬೇಕು?

ಗ್ರಾ.ಪಂ. ಸದಸ್ಯೆ (ನಾಗಮಂಗಲ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮೂರಲ್ಲಿ ಗಂಟೆಗೆ 1000 ಲೀಟರಿನ ಆರ್‌ಒ ಘಟಕ ಇದೆ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತಿತ್ತು. ಯುಗಾದಿ ಆದಮೇಲೆ ಮೊದಲು ನೀರು ಸಣ್ಣಗೆ ಬರೋಕೆ ಶುರುವಾಯ್ತು, ಆಮೇಲೆ ಉಪ್ಪುಪ್ಪು, ಕೊನೆಗೆ ಬಾಗಿಲಿಗೆ ಬೀಗ. ಹಾಕಿಕೊಟ್ಟ ಏಜೆನ್ಸಿಯವರು ನಿರ್ವಹಣೆ ಅವಧಿ ಮುಗೀತು ಅಂತ ಕೈತೊಳೆದುಕೊಂಡಿದ್ದಾರೆ.

ಈಗ ಹಣಕಾಸು ಆಯೋಗದ ಅನುದಾನದಲ್ಲಿ ಕುಡಿಯುವ ನೀರಿಗೆ ಅಂತ ಕಟ್ಟಿಟ್ಟ ಭಾಗದಿಂದ ಹೊಸ ಯಂತ್ರ ತರೋಣ ಅಂತ ಸಭೆಯಲ್ಲಿ ಮಾತು ಬಂದಿದೆ. ಒಬ್ಬ ಸದಸ್ಯರು ಯಾವುದೋ ಕಂಪನಿಯ ಕೊಟೇಷನ್ ತಂದು, "ಇದನ್ನೇ ನೋಡ್ಕೊಂಡು ಟೆಂಡರ್ ಬರೀರಿ" ಅಂದರು. ನನಗೆ ಅದು ಸರಿ ಕಾಣಲಿಲ್ಲ. ಪಿಡಿಒ ಅವರು "ನೀವೇ ಒಂದು ಪಟ್ಟಿ ಕೊಡಿ ಮೇಡಂ" ಅಂದಿದ್ದಾರೆ.

ಬೋರ್ ನೀರಿನ ಲ್ಯಾಬ್ ವರದಿ ಹೀಗಿದೆ: ಟಿಡಿಎಸ್ (ಕರಗಿದ ಒಟ್ಟು ಲವಣ) 940, ಗಡಸುತನ 520, ಫ್ಲೋರೈಡ್ 2.1, ನೈಟ್ರೇಟ್ 62, ಎಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕ. ಮನೆ ಮನೆಗೆ ನಲ್ಲಿ ಹಾಕಿದ್ದಾರೆ, ಅದರಲ್ಲಿ ಬರೋದೂ ಇದೇ ನೀರು. ನದಿ ನೀರಿನ ಬಹುಗ್ರಾಮ ಯೋಜನೆ ಬರುತ್ತೆ ಅಂತ ಕೇಳ್ತಾ ಇದ್ದೀವಿ, ಯಾವಾಗ ಅಂತ ಯಾರೂ ಹೇಳ್ತಿಲ್ಲ. ತಿಳಿದವರು ದಾರಿ ತೋರಿಸಿ.

ನಿವೃತ್ತ ಜೆಇ, ಮಂಡ್ಯ

ಮೇಡಂ, ಆ ಕೊಟೇಷನ್ ಮಡಚಿ ಇಡಿ. ಮೊದಲು ನಿಮ್ಮ ವರದಿಯನ್ನೇ ಓದೋಣ.

ಕುಡಿಯುವ ನೀರಿಗೆ ಐಎಸ್ 10500 ಅಂತ ಮಾನದಂಡ ಇದೆ, 2012ರದ್ದು. ಅದರಲ್ಲಿ ಎರಡು ಮಿತಿ. ಒಂದು ಇಷ್ಟಿದ್ದರೆ ಒಳ್ಳೆಯದು ಅನ್ನುವ ಮಿತಿ, ಇನ್ನೊಂದು ಬೇರೆ ನೀರೇ ಸಿಗದಿದ್ದರೆ ಇಲ್ಲಿವರೆಗೆ ಸಹಿಸಬಹುದು ಅನ್ನುವ ಮಿತಿ. ಟಿಡಿಎಸ್‌ಗೆ 500 ಮತ್ತು 2000. ಗಡಸುತನಕ್ಕೆ 200 ಮತ್ತು 600. ಫ್ಲೋರೈಡ್‌ಗೆ 1.0 ಮತ್ತು 1.5. ನೈಟ್ರೇಟ್‌ಗೆ 45, ಅದಕ್ಕೆ ಸಡಿಲಿಕೆಯೇ ಇಲ್ಲ.

ಅಂದರೆ ಎಲ್ಲರೂ ಮೀಟರ್ ಅದ್ದಿ ನೋಡುವ ಟಿಡಿಎಸ್ ನಿಮ್ಮೂರಿನ ದೊಡ್ಡ ತೊಂದರೆ ಅಲ್ಲ. ತೊಂದರೆ ಇರೋದು ಫ್ಲೋರೈಡ್ ಮತ್ತು ನೈಟ್ರೇಟಿನಲ್ಲಿ. ಇವೆರಡಕ್ಕೂ ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದರೆ ಹೋಗೋದಿಲ್ಲ, ನೀರು ಆವಿಯಾದಷ್ಟೂ ಸ್ವಲ್ಪ ಹೆಚ್ಚೇ ಆಗುತ್ತದೆ. ಫ್ಲೋರೈಡ್ ಹಲ್ಲು, ಮೂಳೆ ಹಿಡಿಯುತ್ತೆ. ನೈಟ್ರೇಟ್ ಹೆಚ್ಚಿದ ನೀರಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಹಸುಗೂಸಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುತ್ತೆ, ಮಗು ನೀಲಿಗಟ್ಟುತ್ತೆ.

ಫ್ಲೋರೈಡ್ ಒಂದೇ ಇದ್ದಿದ್ದರೆ ಆಕ್ಟಿವೇಟೆಡ್ ಅಲ್ಯೂಮಿನಾ ಫಿಲ್ಟರ್ ಅಥವಾ ಆಲಂ-ಸುಣ್ಣ ಹಾಕುವ ನಲ್ಗೊಂಡ ವಿಧಾನ ನೋಡಿ ಅಂತಿದ್ದೆ. ಅವು ನೈಟ್ರೇಟ್ ತೆಗೆಯಲ್ಲ. ಎರಡೂ ಇರೋದ್ರಿಂದ ನಿಮ್ಮೂರಿಗೆ ಆರ್‌ಒ ಬೇಕು ಅನ್ನೋದು ಸರಿ. ಆದರೆ ಹೊಸ ಯಂತ್ರ ಬೇಕೇ ಅನ್ನೋದು ಬೇರೆ ಪ್ರಶ್ನೆ. ಅದಕ್ಕೆ ಮೆಕ್ಯಾನಿಕ್ ಯಾರಾದರೂ ಇದ್ದರೆ ಉತ್ತರ ಕೊಡಲಿ.

ಮೇಷ್ಟ್ರು, ಕೆ.ಆರ್.ಪೇಟೆ

ಊರೂರಿಗೆ ಈ ಆರ್‌ಒ ಕೊಟ್ಟಿದ್ದೇ ತಪ್ಪು ಅಂತ ನನ್ನ ಅಭಿಪ್ರಾಯ. ನಮ್ಮ ಕಡೆ ಹೇಮಾವತಿ ನಾಲೆ ಪಕ್ಕದ ಊರಿಗೂ ಹಾಕಿದ್ದಾರೆ. ಅಲ್ಲಿ ಬಾವಿ ನೀರು ಸಿಹಿ. ಅರ್ಧ ನೀರು ಚರಂಡಿಗೆ, ಇನ್ನರ್ಧ ಕ್ಯಾನಿಗೆ. ಇದ್ಯಾವ ಉಳಿತಾಯ?

ನಿವೃತ್ತ ಜೆಇ, ಮಂಡ್ಯ

ಮೇಷ್ಟ್ರೇ, ನಾಲೆ ಬದಿ ಊರಿನ ಬಗ್ಗೆ ನೀವು ಹೇಳಿದ್ದು ಒಪ್ಪಿದೆ. ಅಲ್ಲಿ ಕೆಸರು ಮತ್ತು ರೋಗಾಣು ತೆಗೆದರೆ ಸಾಕು, ಮರಳು ಫಿಲ್ಟರ್ ಮತ್ತು ಕ್ಲೋರಿನ್ ಅದಕ್ಕೆ ಧಾರಾಳ. ಸದಸ್ಯೆಯವರ ಊರಿನ ನೀರು ಬೇರೆ. ಒಂದೇ ಜಿಲ್ಲೆ ಅಂತ ಒಂದೇ ಯಂತ್ರ ಹಂಚಿದ್ದಕ್ಕೇ ಈ ಗೊಂದಲ. ನೀರಿನ ವರದಿ ನೋಡದೆ ಬರೆದ ಅಂದಾಜುಪಟ್ಟಿಗೆ ನಾನಂತೂ ಸಹಿ ಹಾಕಬೇಡಿ ಅಂತೀನಿ.

ಪ್ಲಾಂಟ್ ಮೆಕ್ಯಾನಿಕ್, ಮೈಸೂರು

ಹದಿನೈದು ವರ್ಷದಿಂದ ಇದೇ ಕೆಲಸ, ಸಣ್ಣ ಕಂಟ್ರಾಕ್ಟೂ ಮಾಡ್ತೀನಿ. ಮೇಡಂ ಹೇಳಿದ ಲಕ್ಷಣ ಕೇಳಿದರೆ ಯಂತ್ರ ಸತ್ತಿಲ್ಲ.

ನೀರು ಸಣ್ಣಗಾಯ್ತು ಅಂದರೆ ಮೆಂಬ್ರೇನ್, ಅಂದರೆ ಉಪ್ಪು ಸೋಸೋ ಪೊರೆ, ಅದರ ಮೇಲೆ ಸುಣ್ಣ ಕಟ್ಟಿದೆ. ಗಡಸುತನ 520 ಇರೋ ಕಡೆ ಆಂಟಿಸ್ಕೇಲೆಂಟ್ (ಸುಣ್ಣ ಕಟ್ಟದ ಹಾಗೆ ತಡೆಯೋ ಔಷಧಿ) ಹನಿ ನಿಂತರೆ ಕಟ್ಟೇ ಕಟ್ಟುತ್ತೆ. ಡೋಸಿಂಗ್ ಪಂಪಿನ ಡಬ್ಬ ತೆಗೆದು ನೋಡಿ, ಅದರಲ್ಲಿ ಬರೀ ನೀರಿರುತ್ತೆ. ಉಪ್ಪುಪ್ಪು ಬಂತು ಅಂದರೆ ಮೆಂಬ್ರೇನ್ ಹಾಳಾಗಿದೆ, ಇಲ್ಲಾ ಒಳಗಿನ ಓ-ರಿಂಗ್ ಲೀಕ್. ಮರಳು ಫಿಲ್ಟರ್, ಕಾರ್ಬನ್ ಫಿಲ್ಟರ್ ಒಳಗಿನ ಮೀಡಿಯಾ (ಸೋಸೋ ಮರಳು, ಇದ್ದಿಲು) ಬಹುಶಃ ಹಾಕಿದಾಗಿನದ್ದೇ ಇರುತ್ತೆ.

ಸ್ಟೀಲ್ ಫ್ರೇಮು, ಟ್ಯಾಂಕು, ಹೈ ಪ್ರೆಷರ್ ಪಂಪು, ಶೆಡ್ಡು ಇವೆಲ್ಲ ಇನ್ನೂ ದುಡಿಯುತ್ತವೆ. ಮೆಂಬ್ರೇನ್, ಮೀಡಿಯಾ, ಐದು ಮೈಕ್ರಾನ್ ಕಾರ್ಟ್ರಿಡ್ಜ್, ಡೋಸಿಂಗ್ ಪಂಪ್ ಬದಲಿಸಿದರೆ ಹೊಸದರ ಹಾಗೆ ನಡೆಯುತ್ತೆ. ಹೊಸ ಯಂತ್ರ ಮಾರಿದರೆ ನನ್ನಂಥವನಿಗೆ ಲಾಭ ಜಾಸ್ತಿ, ಆದರೂ ಹೇಳ್ತಿದ್ದೀನಿ.

ಒಂದು ಅನುಮಾನ. ಘಟಕಕ್ಕೆ ನೀರು ಎಲ್ಲಿಂದ ಬರುತ್ತೆ? ನೇರ ಬೋರಿಂದಲೋ, ಓವರ್‌ಹೆಡ್ ಟ್ಯಾಂಕಿಂದಲೋ?

ಗ್ರಾ.ಪಂ. ಸದಸ್ಯೆ (ನಾಗಮಂಗಲ ತಾಲ್ಲೂಕು)

ಓವರ್‌ಹೆಡ್ ಟ್ಯಾಂಕಿಂದ. ಟ್ಯಾಂಕ್ 50,000 ಲೀಟರಿನದು. ಡೋಸಿಂಗ್ ಡಬ್ಬ ನೋಡಿಸಿದೆ, ಅದರಲ್ಲಿ ಹಲ್ಲಿ ಸತ್ತು ಬಿದ್ದಿತ್ತು.

ಪ್ಲಾಂಟ್ ಮೆಕ್ಯಾನಿಕ್, ಮೈಸೂರು

ಅಲ್ಲೇ ಇದೆ ನೋಡಿ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕ್ತಾರೆ. ಅದರ ಕ್ಲೋರಿನ್ ಆರ್‌ಒ ಮೆಂಬ್ರೇನನ್ನು ಸುಡುತ್ತೆ. ತಡೆಯೋಕೆ ಕಾರ್ಬನ್ ಫಿಲ್ಟರ್ ಇರುತ್ತೆ, ಕಾರ್ಬನ್ ಸತ್ತ ಮೇಲೆ ತಡೆಯೋರು ಯಾರೂ ಇಲ್ಲ. ಟ್ಯಾಂಕಿಗೆ ಬ್ಲೀಚಿಂಗ್ ಹಾಕೋದು ನಿಲ್ಸಿ ಅಂತ ನಾವು ಹೇಳ್ತೀವಿ.

ನೀರಗಂಟಿ, ಮದ್ದೂರು

ಅದೇ ಕಣ್ ಸಾರ್ ನಮ್ ಗೋಳು. ಪ್ಲಾಂಟ್‌ನೋರು ಬಂದು ಬ್ಲೀಚಿಂಗ್ ಹಾಕ್ಬ್ಯಾಡ ಅಂತಾರೆ. ಆಸ್ಪತ್ರೆ ಕಡೆಯೋರು ಬಂದು ಯಾಕ್ ಹಾಕಿಲ್ಲ ಅಂತ ಬಯ್ತಾರೆ. ಜನ ವಾಸ್ನೆ ಅಂತ ಬಯ್ತಾರೆ. ನಾನ್ ಯಾರ್ ಮಾತ್ ಕೇಳ್ಳಿ? ಎರಡೂರಿಗೆ ಒಬ್ನೇ ನೀರಗಂಟಿ. ತೊಂಬೆ ತೊಳೀಬೇಕು, ವಾಲ್ವ್ ತಿರುಗಿಸ್ಬೇಕು, ಮೋಟ್ರು ಸುಟ್ರೂ ನಾನೇ ಹೊಣೆ.

ನಿವೃತ್ತ ಜೆಇ, ಮಂಡ್ಯ

ಮೆಕ್ಯಾನಿಕ್ ಅವರೇ, ನಿಮ್ಮ ಉಳಿದ ಮಾತೆಲ್ಲ ಒಪ್ಪಿದೆ, ಬ್ಲೀಚಿಂಗ್ ನಿಲ್ಸಿ ಅನ್ನೋದನ್ನ ಮಾತ್ರ ಒಪ್ಪಲ್ಲ. ಕ್ಯಾನ್ ಹಿಡಿಯೋಕೆ ಬರೋರು ಊರಲ್ಲಿ ಅರ್ಧ ಜನ. ಉಳಿದವರು, ಹೊಲದಲ್ಲಿರೋರು, ಆಟ ಆಡಿ ಬಂದ ಮಕ್ಕಳು ನಲ್ಲಿ ನೀರೇ ಕುಡಿಯೋದು. ಮೆಂಬ್ರೇನ್ ಉಳಿಸೋಕೆ ಅಂತ ಇಡೀ ಊರಿಗೆ ಕ್ಲೋರಿನ್ ಇಲ್ಲದ ನೀರು ಬಿಡೋದಾ? 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಕೆ.ಸಾಲುಂಡಿಯಲ್ಲಿ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ಕಲುಷಿತ ನೀರಿಂದ ವಾಂತಿ-ಭೇದಿ ಹರಡಿ ಯುವಕನೊಬ್ಬ ಪ್ರಾಣ ಬಿಟ್ಟ. ಫ್ಲೋರೈಡ್ ತನ್ನ ಕೆಲಸಕ್ಕೆ ವರ್ಷಗಟ್ಟಲೆ ತಗೊಳ್ಳುತ್ತೆ. ಚರಂಡಿ ನೀರು ಎರಡು ದಿನ ತಗೊಳ್ಳಲ್ಲ.

ನಮ್ಮ ಕಡೆ ನೀರು ಬಿಡೋದು ದಿನಕ್ಕೆ ಒಂದೆರಡು ಗಂಟೆ. ಉಳಿದ ಹೊತ್ತು ಪೈಪು ಖಾಲಿ. ವೇಗ ಸಾಲದು ಅಂತ ನಲ್ಲಿಯನ್ನು ನೆಲದಿಂದ ಒಂದಡಿ ಕೆಳಗೆ ಗುಂಡಿ ತೋಡಿ ಇಟ್ಟಿರ್ತಾರೆ, ಕೆಲವರು ಲೈನಿಗೇ ಮೋಟ್ರು ಹಾಕಿ ಎಳೀತಾರೆ. ಗುಂಡಿಯಲ್ಲಿ ನಿಂತ ಗಲೀಜು, ಚರಂಡಿಯೊಳಗೆ ಹಾದ ಪೈಪಿನ ಒಡಕಿನ ನೀರು ಖಾಲಿ ಪೈಪಿನೊಳಕ್ಕೆ ಹೋಗುತ್ತೆ. ಇದಕ್ಕೆ ಉಳಿದಿರೋ ಒಂದೇ ಕಾವಲು, ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದ ಕ್ಲೋರಿನ್.

ಪರಿಹಾರ ಸರಳ. ಬೋರಿಂದ ಟ್ಯಾಂಕಿಗೆ ಏರುವ ಪೈಪಿಗೆ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ, ಬ್ಲೀಚಿಂಗ್ ಸೇರುವ ಮೊದಲೇ ಘಟಕಕ್ಕೆ ಒಂದು ಲೈನ್ ಕೊಡಿ, ಅಲ್ಲಿ ಒಂದು ಸಿಂಟೆಕ್ಸ್ ಟ್ಯಾಂಕ್ ಇಡಿ. ಜಾಗ ಇಲ್ಲ ಅಂದರೆ ಕಾರ್ಬನ್ ಜೊತೆಗೆ ಸೋಡಿಯಂ ಮೆಟಾಬೈಸಲ್ಫೈಟ್ ಡೋಸಿಂಗ್ ಬರೆಸಿ, ಅದು ಉಳಿದ ಕ್ಲೋರಿನ್ ಕೊಲ್ಲುತ್ತೆ. ಟೆಂಡರಿನ ಮೊದಲ ಸಾಲೇ ಇದಾಗಲಿ.

ನೀರಗಂಟಿ, ಮದ್ದೂರು

ಟೀ ಹಾಕೋದು ಸರಿ ಸಾರ್. ಬ್ಲೀಚಿಂಗ್ ಎಷ್ಟ್ ಹಾಕ್ಬೇಕು ಅಂತ ಒಸಿ ಬುಡಿಸಿ ಹೇಳಿ. ನಮ್ಗೆ ಕೈಯಳತೆ, ಒಂದ್ ಮಗ್ಗು ಅಂತ ಹೇಳ್ಕೊಟ್ಟವ್ರೆ.

ನೀರು ಪರೀಕ್ಷೆ ಲ್ಯಾಬ್‌ನಿಂದ

ಅಣ್ಣ, 50,000 ಲೀಟರ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಹಾಕೋಣ ಅಂದ್ಕೊಳ್ಳಿ. ಬೇಕಾದ ಕ್ಲೋರಿನ್ 100 ಗ್ರಾಂ. ಹೊಸ ಪೌಡರಿನಲ್ಲಿ ನೂರಕ್ಕೆ 33ರಷ್ಟು ಕ್ಲೋರಿನ್ ಇದ್ದರೆ 300 ಗ್ರಾಂ ಪೌಡರ್ ಸಾಕು. ಮೂಟೆ ಬಿಚ್ಚಿ ತಿಂಗಳಾಗಿ 25ಕ್ಕೆ ಇಳಿದಿದ್ದರೆ 400 ಗ್ರಾಂ ಬೇಕು. ತೇವ ಕುಡಿದು ಗಟ್ಟಿಯಾಗಿ, ಮೂಗಿಗೆ ವಾಸನೆಯೇ ಬಡಿಯದಿದ್ದರೆ ಅದು ಬರೀ ಸುಣ್ಣ, ಎಷ್ಟು ಹಾಕಿದರೂ ದಂಡ.

ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿ ನೀರು ಮಾತ್ರ ಹಾಕಿ. ಅರ್ಧ ಗಂಟೆ ಬಿಟ್ಟು ವಾಲ್ವ್ ತೆಗೆಯಿರಿ. ಊರಿನ ಕೊನೇ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಕಿಟ್ ಹಾಕಿ ನೋಡಿ. ಅಲ್ಲಿ 0.2 ಬರದಿದ್ದರೆ ಮರುದಿನ ಐವತ್ತು ಗ್ರಾಂ ಏರಿಸಿ. ಎರಡೇ ವಾರದಲ್ಲಿ ನಿಮ್ಮೂರಿನ ಅಳತೆ ಕೈಗೆ ಸಿಗುತ್ತೆ.

ಸದಸ್ಯೆಯವರಿಗೆ ಇನ್ನೆರಡು ಮಾತು. ಒಂದು, ಟಿಡಿಎಸ್ ಮೀಟರ್ ನಂಬಿ ಬಿಲ್ ಪಾಸ್ ಮಾಡಬೇಡಿ. ಅದು ಕರಗಿದ ಉಪ್ಪಿನ ಒಟ್ಟು ಲೆಕ್ಕ ಹೇಳುತ್ತೆ ಅಷ್ಟೇ. ಫ್ಲೋರೈಡ್ ಎಷ್ಟು ಅಂತ ಹೇಳಲ್ಲ, ರೋಗಾಣು ಇದೆಯೋ ಇಲ್ಲವೋ ಅಂತ ಹೇಳಲ್ಲ. ಎರಡು, ಮಾದರಿ ತರುವ ರೀತಿ. ರೋಗಾಣು ಪರೀಕ್ಷೆಗೆ ಬಿಸ್ಲೇರಿ ಬಾಟಲಿ ತೊಳೆದು ತುಂಬಿ ತರ್ತಾರೆ, ಅದು ನಡೆಯಲ್ಲ. ಲ್ಯಾಬಿನಿಂದಲೇ ಶುದ್ಧೀಕರಿಸಿದ ಬಾಟಲಿ ತಗೊಳ್ಳಿ, ಅದರೊಳಗೆ ಕ್ಲೋರಿನ್ ಕಳೆಯುವ ಥಯೋಸಲ್ಫೇಟ್ ಹಾಕಿರ್ತಾರೆ, ತೊಳೆಯಬೇಡಿ. ನಲ್ಲಿ ಬಾಯಿ ಸುಟ್ಟು, ಒಂದೆರಡು ನಿಮಿಷ ನೀರು ಹರಿಯಬಿಟ್ಟು ತುಂಬಿ, ಐಸ್ ಡಬ್ಬದಲ್ಲಿಟ್ಟು ಅದೇ ದಿನ ತಲುಪಿಸಿ.

ಬೋರ್ ನೀರನ್ನು ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಪರೀಕ್ಷೆ ಮಾಡಿಸಿ. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಫ್ಲೋರೈಡ್ ಏರಬಹುದು, ಮಳೆ ಬಿದ್ದಾಗ ಮೇಲಿನ ಕೊಳೆ ಇಳಿದು ನೈಟ್ರೇಟ್ ಏರಬಹುದು. ನೈಟ್ರೇಟ್ 62 ಅಂದಿರಲ್ಲ, ಬೋರ್ ಪಕ್ಕ ತಿಪ್ಪೆಯೋ ಕೊಟ್ಟಿಗೆಯೋ ಶೌಚಾಲಯದ ಗುಂಡಿಯೋ ಇದೆಯಾ ನೋಡಿ.

ಗ್ರಾ.ಪಂ. ಸದಸ್ಯೆ (ನಾಗಮಂಗಲ ತಾಲ್ಲೂಕು)

ತಿಪ್ಪೆ ಇದೆ. ಯಾರದ್ದು ಅಂತ ಇಲ್ಲಿ ಬರೆದರೆ ನಾಳೆ ಜಗಳ.

ಸಂಘದ ಅಕ್ಕ, ಪಾಂಡವಪುರ

ನಮ್ಮೂರ ಘಟಕ ನಮ್ಮ ಸ್ತ್ರೀಶಕ್ತಿ ಸಂಘ ನಡೆಸ್ತಿದೆ, ಲೆಕ್ಕ ಹೇಳ್ತೀನಿ ಕೇಳಿ. ದಿನಕ್ಕೆ 100 ಕ್ಯಾನ್ ಹೋದರೆ 500 ರೂಪಾಯಿ, ತಿಂಗಳಿಗೆ 15,000. ಅದರಲ್ಲಿ ನಡೆಸುವವಳ ಸಂಬಳ, ಕರೆಂಟು, ಆಂಟಿಸ್ಕೇಲೆಂಟ್, ಕಾರ್ಟ್ರಿಡ್ಜ್ ಹೋಗಬೇಕು. ಮೆಂಬ್ರೇನ್ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗಬೇಕು, ಅದಕ್ಕೆ ಅಂತ ತಿಂಗಳು ತಿಂಗಳು ಬೇರೆ ಪಾಸ್‌ಬುಕ್ಕಿಗೆ ಹಾಕ್ತೀವಿ. ಆ ಖಾತೆ ಇಲ್ಲದ ಊರಲ್ಲೇ ಘಟಕ ನಿಂತಿರೋದು ಅಂತ ನಾನು ಕಂಡಿದ್ದು.

ಶಾಲೆ, ಅಂಗನವಾಡಿಗೆ ಕಾಸಿಲ್ಲದೆ ಕೊಡ್ತೀವಿ. ಮದುವೆ ಮನೆಯವರು ಇಪ್ಪತ್ತು ಕ್ಯಾನ್ ಪುಕ್ಕಟೆ ಕೇಳ್ತಾರೆ, ಅವರಿಗೆ ಕೊಡಲ್ಲ. ಊರ ಯಜಮಾನರು ಕೇಳಿದ್ರೂ ಅಷ್ಟೆ.

ನೀರು ನೋಡೋಕೆ ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐದು ಜನ ಹೆಂಗಸರಿಗೆ ಕಿಟ್ ಕೊಟ್ಟು ಕಲಿಸಬೇಕು ಅಂತ ಇದೆ. ನಿಮ್ಮೂರಲ್ಲಿ ಕಿಟ್ ಪಂಚಾಯ್ತಿ ಬೀರುವಿನಲ್ಲಿ ಕೂತಿರುತ್ತೆ, ಹೊರಗೆ ತೆಗೆಸಿ. ಅದರ ಜೊತೆ ರೋಗಾಣು ನೋಡೋ ಸಣ್ಣ ಬಾಟಲಿ ಬರುತ್ತೆ, ನೀರು ತುಂಬಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ನೀರು ಕೆಟ್ಟಿದೆ ಅಂತ. ನಾವು ಅದನ್ನ ಘಟಕದ ಕಿಟಕಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಇಡ್ತೀವಿ. ಒಂದ್ಸಲ ಕಪ್ಪಾದಾಗ ಅರ್ಧ ಗಂಟೆಯಲ್ಲಿ ಟ್ಯಾಂಕ್ ತೊಳೆಯೋಕೆ ಜನ ಬಂದ್ರು.

ಮೇಷ್ಟ್ರು, ಕೆ.ಆರ್.ಪೇಟೆ

ಅಕ್ಕನ ಲೆಕ್ಕ ಚೆನ್ನಾಗಿದೆ. ಆದರೆ ಕುಡಿಯೋ ನೀರಿಗೆ ಬಡವರು ಕಾಸು ಕೊಡಬೇಕಾ ಅನ್ನೋ ಪ್ರಶ್ನೆ ಹಾಗೇ ಇದೆ.

ಸಂಘದ ಅಕ್ಕ, ಪಾಂಡವಪುರ

ಮೇಷ್ಟ್ರೇ, ಪುಕ್ಕಟೆ ಮಾಡಿದ ಪಕ್ಕದೂರಲ್ಲಿ ಬೀಗ ಹಾಕಿ ವರ್ಷ ಆಯ್ತು. ಬಡವರು ಈಗ ಅಂಗಡಿಯಲ್ಲಿ ಬಾಟಲಿ ತಗೊಳ್ತಿದ್ದಾರೆ.

ನಾಲೆ ಕೊನೆ ರೈತ, ಮಳವಳ್ಳಿ

ನದಿ ನೀರು ಬಂದರೆ ಎಲ್ಲ ಸರಿಹೋಗುತ್ತೆ ಅಂದ್ಕೊಂಡಿದ್ದೀರಾ? ವಿಶ್ವೇಶ್ವರಯ್ಯ ನಾಲೆ ಕೊನೇ ಭಾಗದವರು ನಾವು. ಬೇಸಿಗೆ ಬಂದರೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು, ನಮ್ಮ ಸರದಿ ಬರೋ ಹೊತ್ತಿಗೆ ನಾಲೆ ಒಣಗಿರುತ್ತೆ. ಯೋಜನೆಗೆ ನೀರೆತ್ತೋದು ನಾಲೆಯಿಂದಲೋ ನದಿಯಿಂದಲೋ ಅಂತ ಮೊದಲು ಕೇಳಿ. ನಾಲೆ ಅಂದರೆ, ಅದು ನಿಂತ ದಿನಗಳಿಗೆ ದಾಸ್ತಾನು ಕೆರೆ ಎಲ್ಲಿ ಅಂತ ಕೇಳಿ. ಮಳೆಗಾಲದಲ್ಲಿ ಕೆಂಪು ನೀರು, ಅದರಲ್ಲೂ ನಲ್ಲಿಗೆ ಹಾಗೇ ಬಂದಿದ್ದು ನೋಡಿದ್ದೀವಿ.

ನಿವೃತ್ತ ಜೆಇ, ಮಂಡ್ಯ

ಸರಿಯಾದ ಪ್ರಶ್ನೆ. ಕೆಂಪು ನೀರು ನಲ್ಲಿಗೆ ಬಂತು ಅಂದರೆ ಶುದ್ಧೀಕರಣ ಘಟಕದಲ್ಲಿ ಆಲಂ ಅಳತೆ ಬದಲಿಸಿಲ್ಲ ಅಂತ ಅರ್ಥ. ಆಲಂ ಹಾಕಿದಾಗ ಸಣ್ಣ ಕೆಸರಿನ ಕಣಗಳು ಒಂದಕ್ಕೊಂದು ಅಂಟಿ ಗರಣೆಯಾಗಿ ಕೆಳಗಿಳಿಯುತ್ತವೆ, ಆಮೇಲೆ ಮರಳು ಫಿಲ್ಟರ್. ಕಡಿಮೆ ಹಾಕಿದರೆ ಕೆಸರು ಇಳಿಯಲ್ಲ, ಜಾಸ್ತಿ ಹಾಕಿದರೆ ನೀರಿನ ಪಿಎಚ್ ಬಿದ್ದು ಆಲಂ ನೀರಲ್ಲೇ ಉಳಿಯುತ್ತೆ. ಆರು ಲೋಟದಲ್ಲಿ ಬೇರೆ ಬೇರೆ ಅಳತೆ ಹಾಕಿ ಕದಡಿ ನೋಡೋ ಜಾರ್ ಟೆಸ್ಟ್ ಇದಕ್ಕೇ ಇರೋದು. ಮಳೆಗಾಲದಲ್ಲಿ ಅದನ್ನು ದಿನಾ ಮಾಡಬೇಕು. ಉಪಕರಣ ಎಲ್ಲ ಘಟಕದಲ್ಲೂ ಇರುತ್ತೆ, ಎಷ್ಟೋ ಕಡೆ ಅದರ ಮೇಲೆ ಧೂಳು. ಶೋಧಿಸಿದ ನೀರಿನ ಕದಡು ಒಂದು ಎನ್‌ಟಿಯು (ಕದಡು ಅಳೆಯೋ ಮಾನ) ಒಳಗಿರಬೇಕು ಅಂತ ಮಾನದಂಡ ಹೇಳುತ್ತೆ.

ಸದಸ್ಯೆಯವರೇ, ನದಿ ನೀರು ಬಂದ ದಿನ ನಿಮ್ಮ ಬೋರ್ ಮುಚ್ಚಬೇಡಿ. ಎರಡನ್ನೂ ಬೆರೆಸಬಹುದು. ಫ್ಲೋರೈಡ್ 2.1 ಇರೋ ಒಂದು ಪಾಲು ಬೋರ್ ನೀರಿಗೆ 0.4 ಇರೋ ಎರಡು ಪಾಲು ನದಿ ನೀರು ಸೇರಿದರೆ 0.97ಕ್ಕೆ ಬರುತ್ತೆ. ನೈಟ್ರೇಟೂ ಅದೇ ಲೆಕ್ಕದಲ್ಲಿ ಇಳಿಯುತ್ತೆ. ಹಾಗಾದ ದಿನ ಆರ್‌ಒ ಘಟಕದ ಅಗತ್ಯವೇ ಕಡಿಮೆ ಆಗುತ್ತೆ. ಅದಕ್ಕೇ ಈಗ ಹೊಸ ಯಂತ್ರಕ್ಕೆ ದುಡ್ಡು ಸುರಿಯೋದು ಬೇಡ, ಇರೋದನ್ನೇ ರಿಪೇರಿ ಮಾಡಿಸಿ ಐದು ವರ್ಷದ ನಿರ್ವಹಣೆಗೆ ಟೆಂಡರ್ ಕರೆಯಿರಿ.

ಬರೆಸಬೇಕಾದ್ದು ಹೇಳ್ತೀನಿ. ರಿಪೇರಿ ಮೊತ್ತ ಮತ್ತು ಐದು ವರ್ಷದ ನಿರ್ವಹಣೆ ಮೊತ್ತ ಎರಡನ್ನೂ ಕೂಡಿಸಿ ಯಾರು ಕಡಿಮೆಯೋ ಅವರಿಗೆ ಕೆಲಸ. ರಿಪೇರಿ ಒಂದನ್ನೇ ನೋಡಿದರೆ ಅಗ್ಗದವನು ಗೆದ್ದು ಓಡಿಹೋಗ್ತಾನೆ. ಹಣ ಒಂದೇ ಕಂತಿನಲ್ಲಿ ಬೇಡ, ದೊಡ್ಡ ಭಾಗವನ್ನು ಮೂರು ಮೂರು ತಿಂಗಳಿಗೆ ಹಂಚಿ. ಕ್ಯಾನಿನ ನೀರಲ್ಲಿ ಫ್ಲೋರೈಡ್ 1.0, ನೈಟ್ರೇಟ್ 45 ಒಳಗಿರಬೇಕು, ರೋಗಾಣು ಇರಕೂಡದು, ಪಂಚಾಯ್ತಿಯವರೇ ಮಾದರಿ ತೆಗೆದು ಲ್ಯಾಬಿಗೆ ಕೊಡ್ತಾರೆ, ಆ ವರದಿ ಬಂದ ಮೇಲೆ ಕಂತು. ಕೆಟ್ಟರೆ ಇಷ್ಟು ಗಂಟೆಯೊಳಗೆ ಸರಿಮಾಡಬೇಕು, ಮೀರಿದರೆ ದಿನಕ್ಕಿಷ್ಟು ಕಡಿತ. ಮೆಂಬ್ರೇನ್ ಎಲ್ಲರ ಬಳಿ ಸಿಗುವ 4040 ಅಳತೆಯದ್ದೇ (ನಾಲ್ಕು ಇಂಚು ವ್ಯಾಸ, ನಲವತ್ತು ಇಂಚು ಉದ್ದ) ಆಗಬೇಕು. ನಾಣ್ಯದ ಡಬ್ಬಿಯ ಬೀಗದ ಕೈ, ಕಂಟ್ರೋಲರ್ ಪಾಸ್‌ವರ್ಡ್, ವೈರಿಂಗ್ ನಕ್ಷೆ ಪಂಚಾಯ್ತಿಗೆ. ಪಾಸ್‌ವರ್ಡ್ ಕೊಡದೆ ಊರನ್ನೇ ಒತ್ತೆಯಿಟ್ಟುಕೊಳ್ಳೋ ಏಜೆನ್ಸಿಗಳಿವೆ.

ಇನ್ನೊಂದು, ಕೆಲಸವನ್ನು ಚೂರು ಚೂರು ಮಾಡಿ ತುಂಡು ಗುತ್ತಿಗೆಗೆ ಕೊಡೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಟೆಂಡರ್ ತಪ್ಪಿಸೋಕೆ ಅದು ಹಳೇ ದಾರಿ, ಅದನ್ನು ತಡೆಯೋಕೆ ಸರ್ಕಾರಿ ಖರೀದಿಯ ಪಾರದರ್ಶಕ ಕಾಯ್ದೆ 1999ರಲ್ಲೇ ಬಂದಿದೆ. ಒಬ್ಬನಿಗೆ ಮೆಂಬ್ರೇನ್, ಇನ್ನೊಬ್ಬನಿಗೆ ಪಂಪ್ ಅಂತ ಕೊಟ್ಟರೆ ನೀರು ಕೆಟ್ಟಾಗ ಇಬ್ಬರೂ ಒಬ್ಬರನ್ನೊಬ್ಬರು ತೋರಿಸ್ತಾರೆ.

ಪ್ಲಾಂಟ್ ಮೆಕ್ಯಾನಿಕ್, ಮೈಸೂರು

ಸರ್ ಹೇಳಿದ ಷರತ್ತೆಲ್ಲ ಒಪ್ಪೋಣ. ನಮ್ಮ ಕಡೆ ಮಾತೂ ಕೇಳಿ. ಒಂದು ಪಂಚಾಯ್ತಿಯಲ್ಲಿ ನಾಲ್ಕು ಕಂತಿನ ನಿರ್ವಹಣೆ ಬಿಲ್ಲು ಹಾಗೇ ಕೂತಿತ್ತು. ನಾನು ಕೈಯಿಂದ ಹಾಕಿ ಕಾರ್ಟ್ರಿಡ್ಜ್ ತಂದೆ, ಆಮೇಲೆ ತರೋದು ನಿಲ್ಲಿಸಿದೆ. ಜನ ನನ್ನನ್ನೇ ಬಯ್ದರು. ದಂಡದ ಕಲಂ ಬರೀತೀರಿ, ಪಂಚಾಯ್ತಿ ದುಡ್ಡು ತಡ ಮಾಡಿದರೆ ಏನು ಅಂತಲೂ ಬರೀರಿ. ಇಲ್ಲದಿದ್ದರೆ ನೆಟ್ಟಗೆ ಕೆಲಸ ಮಾಡೋರು ಟೆಂಡರಿಗೇ ಬರಲ್ಲ, ಬಂದರೂ ಆ ತಡವನ್ನೂ ಸೇರಿಸಿ ರೇಟು ಹಾಕ್ತಾರೆ. ಐದು ವರ್ಷದ ಹಣ ಬೇರೆ ಖಾತೆಯಲ್ಲಿ ಇದೆ ಅಂತ ತೋರಿಸಿ, ರೇಟು ತಾನಾಗೇ ಇಳಿಯುತ್ತೆ.

ಕರೆಂಟೂ ಯಾರು ಕಟ್ಟಬೇಕು ಅಂತ ಬರೀಬೇಕು. ಎರಡು ಎಚ್‌ಪಿ ಹೈ ಪ್ರೆಷರ್ ಪಂಪು, ಒಂದು ಎಚ್‌ಪಿ ಫೀಡ್ ಪಂಪು ಸೇರಿ ಗಂಟೆಗೆ ಎರಡು ಯೂನಿಟ್ ಚಿಲ್ಲರೆ. ಬೇರೆ ಮೀಟರ್ ಹಾಕಿಸಿ, ಬೀದಿ ದೀಪದ ಬಿಲ್ಲಿನ ಜೊತೆ ಬೆರೆಸಬೇಡಿ.

ರಿಜೆಕ್ಟ್ ನೀರು, ಅಂದರೆ ಆರ್‌ಒ ಹೊರಗೆ ಬಿಡೋ ಉಪ್ಪು ನೀರು, ಮರೀಬೇಡಿ. ಅರ್ಧಕ್ಕರ್ಧ ಹೊರಗೆ ಹೋದರೆ ಅದರಲ್ಲಿ ಫ್ಲೋರೈಡ್ ಹೆಚ್ಚುಕಮ್ಮಿ ಎರಡು ಪಟ್ಟು ಆಗಿರುತ್ತೆ. ಅದನ್ನ ಬೋರ್ ಪಕ್ಕದ ಇಂಗುಗುಂಡಿಗೆ ಬಿಟ್ಟವರನ್ನ ನೋಡಿದ್ದೀನಿ. ದನ ಕುಡಿಯೋ ತೊಟ್ಟಿಗೂ ಬೇಡ. ಶೌಚಾಲಯ, ವಾಹನ ತೊಳೆಯೋದು, ಅಷ್ಟಕ್ಕೆ ಸರಿ.

ಗ್ರಾ.ಪಂ. ಸದಸ್ಯೆ (ನಾಗಮಂಗಲ ತಾಲ್ಲೂಕು)

ಎಲ್ಲರಿಗೂ ಧನ್ಯವಾದ. ನಿನ್ನೆ ಸಭೆ ಆಯ್ತು, ವಿಷಯ ತಿಳಿಸ್ತೀನಿ.

ಹೊಸ ಯಂತ್ರ ಕೈಬಿಟ್ಟಿದ್ದೀವಿ. ರಿಪೇರಿ ಮತ್ತು ಐದು ವರ್ಷದ ನಿರ್ವಹಣೆ ಒಟ್ಟಿಗೆ ಟೆಂಡರ್, ಬೋರಿಂದ ನೇರ ಲೈನ್, 4040 ಮೆಂಬ್ರೇನ್, ಪಾಸ್‌ವರ್ಡ್, ಲ್ಯಾಬ್ ವರದಿ ಬಂದ ಮೇಲೆ ಕಂತು, ಇವಿಷ್ಟು ಒಪ್ಪಿಗೆ ಆಯ್ತು. ಪಂಚಾಯ್ತಿ ತಡ ಮಾಡಿದರೆ ಬಡ್ಡಿ ಕೊಡಬೇಕು ಅನ್ನೋ ಕಲಂಗೆ ಪಿಡಿಒ ಒಪ್ಪಲಿಲ್ಲ, ಅನುದಾನ ಯಾವಾಗ ಬರುತ್ತೆ ಅಂತ ತಮ್ಮ ಕೈಲಿಲ್ಲ ಅಂದರು. ಅದರ ಬದಲು ಕ್ಯಾನಿನ ಕಾಸನ್ನು ಬೇರೆ ಖಾತೆಗೆ ಹಾಕಿ, ಮೊದಲ ಕಂತು ಅದರಿಂದ, ಲೆಕ್ಕ ಜಮಾಬಂದಿಯಲ್ಲಿ (ಪಂಚಾಯ್ತಿ ಲೆಕ್ಕ ಜನರ ಮುಂದಿಡೋ ಸಭೆ) ಓದಬೇಕು ಅಂತ ತೀರ್ಮಾನ. ಅರ್ಧ ಗೆಲುವು. ನಮ್ಮ ನೀರಗಂಟಿಗೆ ತಕ್ಕಡಿ ಮತ್ತು ಕ್ಲೋರಿನ್ ಕಿಟ್ ತರೋಕೆ ಹಣ ಇಟ್ಟಿದ್ದೀವಿ. ಕೊಟೇಷನ್ ತಂದ ಸದಸ್ಯರು ಸಹಿ ಹಾಕದೆ ಎದ್ದು ಹೋದರು.

ತಿಪ್ಪೆ ಮಾತ್ರ ಅಲ್ಲೇ ಇದೆ.

ನೀರಗಂಟಿ, ಮದ್ದೂರು

ಅಕ್ಕಾ, ತಕ್ಕಡಿ ತಂದ್ರಿ ಸರಿ. ನೀರಗಂಟಿ ಸಂಬಳನೂ ಆ ಬೇರೆ ಖಾತೆ ಕಡೆಯಿಂದ ಒಸಿ ನೋಡಿ.

ಪ್ಲಾಂಟ್ ಮೆಕ್ಯಾನಿಕ್, ಮೈಸೂರು

ಮೇಡಂ, ಟೆಂಡರ್ ಪೋರ್ಟಲ್‌ಗೆ ಹಾಕಿದ ಮೇಲೆ ಇಲ್ಲಿ ತಿಳಿಸಿ. ಪ್ರೀ-ಬಿಡ್ ಸಭೆ (ರೇಟು ಹಾಕೋ ಮುಂಚಿನ ಸಭೆ) ಇಟ್ಟರೆ ಬಂದು ಘಟಕ ಬಿಚ್ಚಿ ನೋಡ್ತೀನಿ. ಆ ಬಡ್ಡಿ ಕಲಂ ಇಲ್ಲ ಅಂದರೆ ನನ್ನ ರೇಟು ಸ್ವಲ್ಪ ಮೇಲೇ ಇರುತ್ತೆ, ಅದನ್ನ ಈಗಲೇ ಹೇಳಿಬಿಡ್ತೀನಿ.